ಒಬ್ಬ ದೊರೆಯ ಎರಡು ಮನೆಗಳು

(ಲೇಖಕರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಮೇಷ್ಟ್ರು ಫೋನ್ ಮಾಡಿದಾಗ ಮೊದಲು ಹೇಳಿದ ಮಾತು, "ಕಂಪ್ಯೂಟರ್ ಬಗ್ಗೆ ಬೇಡಪ್ಪ, ಅದನ್ನ ಆಗ್ಲೇ ಮೂರು ಜನ ಬರ್ದು ಕೊಟ್ಟವ್ರೆ" ಎಂದು. ಹಾಗಾದರೆ ಏನು ಬರೆಯಲಿ ಎಂದು ಕೇಳಿದೆ. "ಒಂಬತ್ತನೇ ಕ್ಲಾಸಲ್ಲಿ ಟೂರ್ ಹೋಗಿದ್ವಲ್ಲ, ನಾನೊಂದು ಪ್ರಶ್ನೆ ಕೇಳಿದ್ದೆ. ಉತ್ತರ ಇನ್ನೂ ಬಂದಿಲ್ಲ" ಎಂದು ನಕ್ಕರು. ಇಪ್ಪತ್ತು ವರ್ಷ ತಡವಾಗಿ ಆ ಉತ್ತರವನ್ನು ಬರೆಯುತ್ತಿದ್ದೇನೆ. ಹೋಂವರ್ಕ್ ವಿಷಯದಲ್ಲಿ ನಾನು ಯಾವಾಗಲೂ ಹೀಗೇ ಎಂಬುದು ನನ್ನ ಸಹಪಾಠಿಗಳಿಗೆ ಗೊತ್ತು.

ಆ ಪ್ರವಾಸ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬೆಳಿಗ್ಗೆ ಆರಕ್ಕೆ ಶಾಲೆಯ ಮುಂದೆ ಬಸ್ಸು ನಿಂತಿತ್ತು. ಚಿನಕುರಳಿ, ಪಾಂಡವಪುರ ದಾರಿಯಾಗಿ ಶ್ರೀರಂಗಪಟ್ಟಣ. ರಂಗನಾಥಸ್ವಾಮಿ ದರ್ಶನವಾದ ಮೇಲೆ ಕೋಟೆ, ಬೇಲಿ ಸಾಹೇಬನ ಬಂದೀಖಾನೆ, ಕಡೆಗೆ ದರಿಯಾ ದೌಲತ್. ತೋಟದ ಆಚೆ ಮರದ ನೆರಳಿನಲ್ಲಿ ಕುಳಿತು ಪುಳಿಯೋಗರೆ ತಿನ್ನುತ್ತಿದ್ದಾಗ ಸಮಾಜ ವಿಜ್ಞಾನದ ಮೇಷ್ಟ್ರು ಕೇಳಿದರು: "ಇದು ಯಾರ ಮನೆ?" ನಾವೆಲ್ಲ ಒಟ್ಟಿಗೆ "ಟಿಪ್ಪು ಸುಲ್ತಾನ್ ಸಾರ್" ಎಂದೆವು. "ಅವನಾದ ಮೇಲೆ?" ಯಾರೂ ಬಾಯಿ ಬಿಡಲಿಲ್ಲ. "ಮನೆ ಅಂದ್ಮೇಲೆ ಕಟ್ಟಿದವನು ಒಬ್ಬ, ಇದ್ದವರು ಬೇರೆ, ಉಳಿಸಿದವರು ಇನ್ನೊಬ್ಬರು. ಮೂರನ್ನೂ ತಿಳ್ಕೊಂಡು ಬನ್ನಿ" ಎಂದರು.

ಕಟ್ಟಿದ್ದು ಟಿಪ್ಪು, 1784ರಲ್ಲಿ. ಅದು ಪುಸ್ತಕದಲ್ಲೇ ಇದೆ. ದರಿಯಾ ದೌಲತ್ ಎಂದರೆ ಕಡಲಿನ ಸಿರಿ. ಹೊಳೆಯ ದಂಡೆಯ ತೋಟದ ನಡುವೆ ಬೇಸಿಗೆಯಲ್ಲಿ ತಂಪಾಗಿರಲೆಂದು ಕಟ್ಟಿದ ಮನೆ ಅದು. ದೊಡ್ಡ ಅರಮನೆ ಬೇರೆ ಇತ್ತು, ಕೋಟೆಯ ಒಳಗೆ, ಲಾಲ್ ಮಹಲ್ ಎಂದು ಅದರ ಹೆಸರು. ಅದರ ಕಥೆಗೆ ಆಮೇಲೆ ಬರುತ್ತೇನೆ.

ಚಿಕ್ಕಂದಿನಲ್ಲಿ ನಾವು ನೋಡಿದ್ದು ಗೋಡೆಯ ಚಿತ್ರಗಳನ್ನು ಮಾತ್ರ. ಇಂಜಿನಿಯರಿಂಗ್ ಓದಿದ ಮೇಲೆ ಮತ್ತೆ ಹೋದಾಗ ಮನೆಯನ್ನು ನೋಡಿದೆ. ಸುಮಾರು ಐದು ಅಡಿ ಎತ್ತರದ ಜಗಲಿಯ ಮೇಲೆ ಇಡೀ ಕಟ್ಟಡ ಕೂತಿದೆ. ಹೊಳೆಯ ತೇವ ಮೇಲೇರಬಾರದು, ಹಾವು ಹುಳ ಬರಬಾರದು, ಗಾಳಿ ಬರಬೇಕು ಎಂಬ ಲೆಕ್ಕಾಚಾರ. ಜಗಲಿಯ ಅಂಚಿನುದ್ದಕ್ಕೂ ನಾಲ್ಕೂ ಕಡೆ ಮರದ ಕಂಬಗಳು, ಅವುಗಳ ಒಳಗೆ ಸುತ್ತಲೂ ತೆರೆದ ಪಡಸಾಲೆ. ಪೂರ್ವ ಪಶ್ಚಿಮಕ್ಕೆ ಗಟ್ಟಿ ಗೋಡೆ. ಉಳಿದ ಎರಡು ಕಡೆ ಕಂಬಗಳ ಸಾಲು ಒಳಕ್ಕೆ ಸರಿದಿದೆ. ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಬರುವ ದಿಕ್ಕಿಗೆ ಗೋಡೆ, ಬಿಸಿಲು ಅಷ್ಟಾಗಿ ಒಳನುಗ್ಗದ ದಿಕ್ಕಿಗೆ ಬಯಲು! ಹವಾನಿಯಂತ್ರಣದ ಕಚೇರಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುವ ನಮ್ಮಂಥವರು ಇದನ್ನು ಒಂದು ಮಧ್ಯಾಹ್ನ ಅಲ್ಲಿ ಕುಳಿತೇ ತಿಳಿಯಬೇಕು.

ಕಟ್ಟಡದ ಬಹುಪಾಲು ತೇಗ. ಕಂಬಗಳ ನಡುವೆ ಹೂದಳದ ಅಂಚಿನ ಕಮಾನುಗಳು ಕಾಣುತ್ತವೆ, ಆದರೆ ಮರದ ಕೆಲಸದಲ್ಲಿ ಭಾರ ಹೊರುವುದು ತೊಲೆ. ಕಮಾನು ಅಂದಕ್ಕೆ. ಮೆಟ್ಟಿಲುಗಳು ಎಲ್ಲಿವೆ ಎಂದು ಹುಡುಕಬೇಕು. ನಡುಮನೆಯನ್ನು ವಿಂಗಡಿಸುವ ನಾಲ್ಕು ಗೋಡೆಗಳ ಒಳಗೇ ಒಂದೊಂದು ಮೆಟ್ಟಿಲನ್ನು ಅಡಗಿಸಿದ್ದಾರೆ. ಮೂಲೆಗೊಂದರಂತೆ ನಾಲ್ಕು ಕೋಣೆ, ಅವುಗಳನ್ನು ಸೇರಿಸುವ ಹಜಾರ, ಮೇಲೆ ಕೆಳಗಿನ ಹಜಾರಕ್ಕೆ ಇಣುಕುವ ಬಾಲ್ಕನಿಗಳು. ಪ್ಲಾನ್ ಅನ್ನು ಮಧ್ಯಕ್ಕೆ ಮಡಚಿದರೆ ಒಂದರ ಮೇಲೊಂದು ಸರಿಯಾಗಿ ಕೂರುತ್ತದೆ.

ಇನ್ನು ಇದ್ದವರು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಪಟ್ಟಣದ ಆಡಳಿತ ನೋಡಿಕೊಳ್ಳಲು ಕಂಪನಿ ಸರ್ಕಾರ ನೇಮಿಸಿದ್ದು ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲ್‌ನನ್ನು. ಗವರ್ನರ್ ಜನರಲ್‌ನ ತಮ್ಮ. ವಯಸ್ಸು ಮೂವತ್ತು, ಅಂದರೆ ಈಗ ನನಗಿಂತ ಚಿಕ್ಕವನು. ಅವನು ವಾಸಕ್ಕೆ ಆರಿಸಿಕೊಂಡದ್ದು ಇದೇ ದರಿಯಾ ದೌಲತ್ತನ್ನು. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಪಾಠದಲ್ಲಿ ಓದಿದ್ದೇವಲ್ಲ, ಅವನೇ ಇವನು.

ಇಲ್ಲೊಂದು ಸ್ವಾರಸ್ಯವಿದೆ. ಪಶ್ಚಿಮದ ಗೋಡೆಯ ಮೇಲಿನ ದೊಡ್ಡ ಚಿತ್ರ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕದನದ್ದು. ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಲಿಯ ಕಂಪನಿ ಸೇನೆಯನ್ನು ಮಣ್ಣು ಮುಕ್ಕಿಸಿದ ಯುದ್ಧ. ಕೆಂಪು ಕೋಟಿನ ಸಿಪಾಯಿಗಳು ಚೌಕಾಕಾರದಲ್ಲಿ ಸಿಕ್ಕಿಬಿದ್ದಿದ್ದಾರೆ, ಮದ್ದಿನ ಗಾಡಿ ಸಿಡಿಯುತ್ತಿದೆ, ಪಲ್ಲಕ್ಕಿಯಲ್ಲಿ ಕುಳಿತ ಬೇಲಿ ಬೆರಳು ಕಚ್ಚಿಕೊಳ್ಳುತ್ತಿದ್ದಾನೆ. ಗೆದ್ದು ಬಂದ ಇಂಗ್ಲಿಷ್ ಅಧಿಕಾರಿ ತನ್ನದೇ ಸೇನೆ ಸೋತ ಚಿತ್ರದ ಎದುರು ದಿನವೂ ಓಡಾಡಬೇಕು. ಸುಣ್ಣ ಬಳಿಸಿಬಿಡುವುದು ಸುಲಭವಿತ್ತು. ಆದರೆ ಮುತ್ತಿಗೆಗೆ ಮೊದಲೇ ಹಾಳಾಗಿದ್ದ ಆ ಚಿತ್ರಗಳನ್ನು ವೆಲ್ಲೆಸ್ಲಿ ತಿದ್ದಿಸಿ ಬಣ್ಣ ಹಾಕಿಸಿದ. ಔದಾರ್ಯವೋ, ಗೆದ್ದವನ ಬಿಂಕವೋ, ಚಿತ್ರ ಚೆನ್ನಾಗಿದೆ ಎಂಬ ಮೆಚ್ಚುಗೆಯೋ! ನನ್ನ ಮಟ್ಟಿಗೆ ಬಿಂಕವೇ ಹೆಚ್ಚು. ಸೋಲಿನ ಚಿತ್ರ ಎದ್ದು ಕಂಡಷ್ಟೂ ಆಮೇಲಿನ ಗೆಲುವಿಗೆ ಬೆಲೆ. ಮುಂದೆ ಅವು ಮತ್ತೆ ಸುಣ್ಣದಡಿ ಹೂತುಹೋದವು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದಾಗ, ಹಳೆಯ ಚಿತ್ರಗಳನ್ನು ಕಂಡು ನೆನಪಿದ್ದ ಒಬ್ಬ ದೇಶೀ ಚಿತ್ರಗಾರನಿಂದ ಅವನ್ನು ಮತ್ತೆ ಬರೆಸಲು ಅಪ್ಪಣೆ ಮಾಡಿದ. ನಾವು ಇಂದು ನೋಡುತ್ತಿರುವುದು ಹೀಗೆ ಕೈಯಿಂದ ಕೈಗೆ ಬಂದ ಚಿತ್ರ. ಆ ಚಿತ್ರಗಾರನ ಹೆಸರು ಯಾವ ಫಲಕದಲ್ಲೂ ನನಗೆ ಕಾಣಲಿಲ್ಲ.

ವೆಲ್ಲೆಸ್ಲಿಯ ಇನ್ನೊಂದು ಮನೆಯನ್ನು ನೋಡುವ ಯೋಗ ನನಗೆ ಬಂದದ್ದು ಕಂಪನಿ ಕೆಲಸದ ಮೇಲೆ ಆರು ತಿಂಗಳು ಲಂಡನ್ನಿಗೆ ಹೋದಾಗ. ಹೈಡ್ ಪಾರ್ಕಿನ ಮೂಲೆಯಲ್ಲಿದೆ ಆಪ್ಸ್‌ಲಿ ಹೌಸ್. ಊರೊಳಗೆ ಬರುವ ದಾರಿಯಲ್ಲಿ ಸುಂಕದ ಕಟ್ಟೆ ದಾಟಿದ ಮೇಲೆ ಸಿಗುತ್ತಿದ್ದ ಮೊದಲ ಮನೆ ಅದಾದ್ದರಿಂದ "ನಂಬರ್ ಒನ್, ಲಂಡನ್" ಎಂಬ ಅಡ್ಡಹೆಸರು. ಭಾನುವಾರ ಟಿಕೆಟ್ ಕೊಂಡು ಒಳಹೊಕ್ಕವನಿಗೆ ನೆನಪಾದದ್ದು ನಮ್ಮ ಪುಳಿಯೋಗರೆ.

ಈ ಮನೆಯನ್ನು 1771ರಿಂದ 1778ರ ನಡುವೆ ರಾಬರ್ಟ್ ಆ್ಯಡಮ್ ಎಂಬ ಹೆಸರಾಂತ ವಾಸ್ತುಶಿಲ್ಪಿ ಲಾರ್ಡ್ ಆಪ್ಸ್‌ಲಿ ಎಂಬವನಿಗಾಗಿ ಕೆಂಪು ಇಟ್ಟಿಗೆಯಲ್ಲಿ ಕಟ್ಟಿದ. ಮುಂದೆ ಅದನ್ನು ಕೊಂಡವನು ವೆಲ್ಲೆಸ್ಲಿಯ ಅಣ್ಣ ರಿಚರ್ಡ್, ಅದೇ ನಮ್ಮ ಮೈಸೂರು ಯುದ್ಧದ ಕಾಲದ ಗವರ್ನರ್ ಜನರಲ್. ಸಾಲದಲ್ಲಿದ್ದ ಅಣ್ಣನಿಂದ 1817ರಲ್ಲಿ ತಮ್ಮ ಕೊಂಡುಕೊಂಡ. ಅಣ್ಣತಮ್ಮಂದಿರ ಆಸ್ತಿ ವ್ಯವಹಾರ ನಮ್ಮೂರಿಗೆ ಮಾತ್ರ ಸೀಮಿತವಲ್ಲ ನೋಡಿ. ಆಮೇಲೆ ಬೆಂಜಮಿನ್ ಡೀನ್ ವ್ಯಾಟ್ ಎಂಬ ಶಿಲ್ಪಿಯನ್ನು ಕರೆಸಿ ಮನೆಯನ್ನು ದೊಡ್ಡದು ಮಾಡಿಸಿದ. ಇಟ್ಟಿಗೆಯ ಹೊರಮೈಗೆಲ್ಲ ಬಾತ್ ಊರಿನ ಜೇನುಬಣ್ಣದ ಕಲ್ಲು ಹೊದಿಸಿದರು, ಮುಂದುಗಡೆ ನಾಲ್ಕು ದೊಡ್ಡ ಕಂಬಗಳ ಮುಖಮಂಟಪ ನಿಲ್ಲಿಸಿದರು. ಇಟ್ಟಿಗೆ ಮೈಗೆ ಕಲ್ಲಿನ ಅಂಗಿ. ಪಕ್ಕದಲ್ಲಿ ಸುಮಾರು 90 ಅಡಿ ಉದ್ದದ ಭೋಜನಶಾಲೆ ಸೇರಿಸಿದರು, ಅದೇ ವಾಟರ್ಲೂ ಗ್ಯಾಲರಿ. ವರ್ಷಕ್ಕೊಮ್ಮೆ ಜೂನ್ 18ರಂದು, ಯುದ್ಧ ಗೆದ್ದ ದಿನ, ತನ್ನ ಜೊತೆ ಹೋರಾಡಿದ ಅಧಿಕಾರಿಗಳಿಗೆ ಊಟ ಹಾಕುತ್ತಿದ್ದ ಜಾಗ. ಮೆಟ್ಟಿಲ ಬುಡದಲ್ಲಿ ನೆಪೋಲಿಯನ್‌ನ ಹನ್ನೊಂದು ಅಡಿಗೂ ಎತ್ತರದ ಬೆತ್ತಲೆ ಅಮೃತಶಿಲೆ ಪ್ರತಿಮೆ ನಿಂತಿದೆ. ಭಾರ ತಡೆಯಲು ಅದರ ಕೆಳಗಿನ ನೆಲವನ್ನೇ ಬಲಪಡಿಸಬೇಕಾಯಿತಂತೆ. ಸೋತವನ ಗುರುತನ್ನು ಮನೆಯಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಶ್ರೀರಂಗಪಟ್ಟಣದಲ್ಲೇ ಶುರುವಾಯಿತೇ ಎಂದು ಅಲ್ಲಿ ನಿಂತು ಯೋಚಿಸಿದೆ.

ಕಟ್ಟಡವಾಗಿ ನನಗೆ ಹಿಡಿಸಿದ್ದು ನಮ್ಮ ದರಿಯಾ ದೌಲತ್ತೇ. ಊರಭಿಮಾನ ಎಂದುಕೊಂಡರೂ ಚಿಂತೆಯಿಲ್ಲ. ಆಪ್ಸ್‌ಲಿ ಹೌಸ್ ಚಳಿಯ ಊರಿನ ಮನೆ. ದಪ್ಪ ಗೋಡೆ, ಪ್ರತಿ ಕೋಣೆಗೂ ಅಗ್ಗಿಷ್ಟಿಕೆ, ಬಾಗಿಲು ಹಾಕಿದರೆ ಹೊರಗಿನ ಸದ್ದು ಕೇಳದು. 1831ರಲ್ಲಿ, ಮತದಾನದ ಸುಧಾರಣೆಗೆ ಡ್ಯೂಕ್ ಅಡ್ಡ ನಿಂತನೆಂದು ಸಿಟ್ಟಾದ ಜನ ಕಲ್ಲು ತೂರಿ ಕಿಟಕಿಗಳನ್ನು ಒಡೆದರು. ಒಳಗೆ ಅವನ ಹೆಂಡತಿಯ ಹೆಣ ಇನ್ನೂ ಮಣ್ಣಾಗಿರಲಿಲ್ಲ. ಕಿಟಕಿಗಳಿಗೆ ಕಬ್ಬಿಣದ ಬಾಗಿಲು ಹಾಕಿಸಿಕೊಂಡ. ದರಿಯಾ ದೌಲತ್ತಿನ ತೆರೆದ ಪಡಸಾಲೆಯ ಮನೆಯಲ್ಲಿ ಇದ್ದವನು ಕೊನೆಗೆ ಕಬ್ಬಿಣದ ಕಿಟಕಿಯ ಹಿಂದೆ ಕುಳಿತ.

ಆದರೆ ಮೇಷ್ಟ್ರ ಮೂರನೇ ಪ್ರಶ್ನೆಗೆ, ಉಳಿಸಿದವರು ಯಾರು ಎಂಬುದಕ್ಕೆ, ಅಲ್ಲಿ ಕಲಿಯುವುದಿತ್ತು. ಇಂಗ್ಲೆಂಡಿನಲ್ಲಿ 1947ರ ಕಾಯ್ದೆಯಿಂದೀಚೆಗೆ ಹಳೆಯ ಕಟ್ಟಡಗಳ ಪಟ್ಟಿ ಮಾಡಿ ದರ್ಜೆ ಕೊಡುತ್ತಾರೆ. ಆಪ್ಸ್‌ಲಿ ಹೌಸ್ ಮೊದಲ ದರ್ಜೆ. ಪಟ್ಟಿಗೆ ಸೇರಿದ ಮನೆಯಲ್ಲಿ ಮಾಲೀಕ ಸಂಸಾರ ಮಾಡಬಹುದು, ಮಾರಬಹುದು. ಆದರೆ ಅದರ ಗುಣ ಕೆಡುವಂತೆ ಒಳಗಿನ ಗೋಡೆಯನ್ನೂ ಅನುಮತಿಯಿಲ್ಲದೆ ಬದಲಿಸುವಂತಿಲ್ಲ. ಡ್ಯೂಕ್ ವಂಶದವರು 1947ರಲ್ಲಿ ಈ ಮನೆಯನ್ನು ದೇಶಕ್ಕೆ ಬಿಟ್ಟುಕೊಟ್ಟರು. ಒಂದು ಭಾಗದಲ್ಲಿ ಮನೆತನ ಈಗಲೂ ಇದೆ. ಸಂಗ್ರಹಾಲಯದ ಮೇಲಂತಸ್ತಿನಲ್ಲಿ ಯಾರದೋ ಮನೆಯ ಕುಕ್ಕರ್ ಕೂಗುತ್ತಿರಬಹುದು ಎಂಬ ಕಲ್ಪನೆಯೇ ನನಗೆ ಖುಷಿ ಕೊಟ್ಟಿತು.

ನಮ್ಮಲ್ಲಿ ರೀತಿ ಬೇರೆ. ದರಿಯಾ ದೌಲತ್ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡವೇ ಕೂಡದು, ಅದರಾಚೆ 200 ಮೀಟರ್‌ವರೆಗೆ ಅನುಮತಿ ಪಡೆದೇ ಕಟ್ಟಬೇಕು. ಪಟ್ಟಣದಲ್ಲಿರುವ ನನ್ನ ಕಾಲೇಜು ಗೆಳೆಯನೊಬ್ಬನ ಮನೆ ಒಂದು ಸ್ಮಾರಕದ 100 ಮೀಟರ್ ಒಳಗೆ ಬರುತ್ತದೆ. ತಮ್ಮನ ಮದುವೆಗೆ ಮುಂಚೆ ಮೇಲೊಂದು ಕೋಣೆ ಹಾಕಲಾಗದೆ, "ಸತ್ತ ರಾಜನಿಗೆ ಮನೆ ಐತೆ, ಬದುಕಿರೋ ನಮಗಿಲ್ಲ" ಎನ್ನುತ್ತಾನೆ. ಅವನ ಮಾತನ್ನು ತಳ್ಳಿಹಾಕುವುದು ನನ್ನಿಂದ ಆಗದು. ನಿಯಮವಿಲ್ಲದಿದ್ದರೆ ದರಿಯಾ ದೌಲತ್ತಿನ ಗೋಡೆಗೆ ಅಂಟಿಕೊಂಡೇ ಲಾಡ್ಜುಗಳು ಏಳುತ್ತಿದ್ದವು ಎಂಬುದೂ ಅಷ್ಟೇ ನಿಜ.

ರಕ್ಷಣೆ ಸಿಗದ ಮನೆಗಳ ಗತಿ ನೋಡಬೇಕಾದರೆ ದೂರ ಹೋಗಬೇಕಿಲ್ಲ. ಲಾಲ್ ಮಹಲ್ ಈಗ ಬರೀ ತಳಪಾಯ. ಟಿಪ್ಪುವಿನ ಅರಮನೆಯ ತೇಗದ ತೊಲೆಗಳು ಘಟ್ಟ ಹತ್ತಿ ಊಟಿಗೆ ಹೋದವು. 1830ರ ಹೊತ್ತಿಗೆ ಕಟ್ಟಿದ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿ ಹೊತ್ತಿರುವುದು ನಮ್ಮ ಅರಮನೆಯ ಮರವೇ.

ಕಾವೇರಿ ದಂಡೆಯ ಸ್ಕಾಟ್ ಬಂಗಲೆಯ ಕಥೆ ಕೇಳದ ಹುಡುಗರು ನಮ್ಮ ಕಾಲದಲ್ಲಿ ಇರಲಿಲ್ಲ. ಫಿರಂಗಿ ಗಾಡಿ ಕಾರ್ಖಾನೆಯ ಮೇಲಧಿಕಾರಿ ಕರ್ನಲ್ ಸ್ಕಾಟ್ ಕೆಲಸದಿಂದ ಮನೆಗೆ ಬಂದಾಗ ಹೆಂಡತಿ ಮಕ್ಕಳು ಕಾಲರಾದಿಂದ ಸತ್ತು ಬಿದ್ದಿದ್ದರು, ಅವನು ಹಾಗೇ ಹೊಳೆಗೆ ನಡೆದುಹೋದ, ಮುಮ್ಮಡಿ ಕೃಷ್ಣರಾಜ ಒಡೆಯರು ಮನೆಯನ್ನು ಇದ್ದ ಹಾಗೇ ಇಡಲು ಹೇಳಿದರು, ರಾತ್ರಿ ಪಿಯಾನೋ ಸದ್ದು ಕೇಳುತ್ತದೆ ಇತ್ಯಾದಿ. ಪಿಯಾನೋ ಎಂದರೇನೆಂದು ಗೊತ್ತಿಲ್ಲದ ನಾವೂ ಹೆದರಿದ್ದೆವು. ದಂಡಿನ ಹಳೆಯ ಸ್ಮಶಾನದಲ್ಲಿ ಕ್ಯಾರೊಲಿನ್ ಇಸಬೆಲ್ಲಾ ಸ್ಕಾಟ್ ಎಂಬಾಕೆಯ ಗೋರಿಯಿದೆ, ಇಸವಿ 1817. ದೇಶವನ್ನೇ ನಡುಗಿಸಿದ ಮೊದಲ ಮಹಾ ಕಾಲರಾ ಬಂಗಾಳದ ಜೆಸ್ಸೋರಿನಲ್ಲಿ ಕಾಣಿಸಿಕೊಂಡದ್ದು 1817ರ ಆಗಸ್ಟಿನಲ್ಲಿ, ದಕ್ಷಿಣಕ್ಕೆ ಬಂದದ್ದು ಮರುವರ್ಷ. ಹಾಗಾಗಿ ಕಾಲರಾದ ಕಥೆ ನನಗೆ ನಂಬಿಕೆಯಾಗದು. ಆದರೆ ಗೋರಿಯ ಕಲ್ಲು ಸುಳ್ಳಲ್ಲ. ಹೆಂಡತಿಯನ್ನು ಮಣ್ಣು ಮಾಡಿದ ಒಬ್ಬ ಮನುಷ್ಯ ಆ ಮನೆಯಲ್ಲಿ ಇದ್ದಿರಬೇಕು. ದೆವ್ವದ ಕಥೆಗಿಂತ ಇದೇ ನನಗೆ ಹೆಚ್ಚು ಕಾಡುತ್ತದೆ.

ದೊರೆಗಳು ಪಟ್ಟಣ ಬಿಟ್ಟದ್ದು ಜ್ವರದಿಂದ. ದ್ವೀಪದ ತಂಪೇ ಸೊಳ್ಳೆಯ ತೌರು. 1811ರ ಹೊತ್ತಿಗೆ ದಂಡಿನ ಮುಖ್ಯ ಠಾಣೆ ಬೆಂಗಳೂರಿಗೆ ಹೋಯಿತು. ಒಂದಷ್ಟು ಪಡೆ ಪಾಂಡವಪುರದಲ್ಲಿ ಉಳಿಯಿತು. ಹಿರೋಡೆ ಎಂದಿದ್ದ ಆ ಊರನ್ನು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು, ಹೈದರ್ ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದರಿಂದ. ನಮ್ಮಜ್ಜ ಕೊನೆಯವರೆಗೂ "ಪ್ರೆಂಚ್ ರಾಕ್ಸ್ ಸಂತೆ" ಎಂದೇ ಹೇಳುತ್ತಿದ್ದರು.

ನನಗೆ ಬಲು ಇಷ್ಟವಾದ ವ್ಯಕ್ತಿಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮದ್ರಾಸ್ ಸೇನೆಯ ಇಂಜಿನಿಯರ್, ಥಾಮಸ್ ಫಿಯಟ್ ಡಿ ಹ್ಯಾವಿಲೆಂಡ್. ಕಾವೇರಿಗೆ ಇಟ್ಟಿಗೆಯ ದೊಡ್ಡ ದೊಡ್ಡ ಕಮಾನುಗಳ ಸೇತುವೆ ಕಟ್ಟಬಹುದೆಂದು ಅವನ ವಾದ. ಮೇಲಿನವರಿಗೆ ನಂಬಿಕೆ ಬರಲಿಲ್ಲ. ಅದಕ್ಕೇ 1808ರಲ್ಲಿ ಶ್ರೀರಂಗಪಟ್ಟಣದ ತನ್ನ ಮನೆಯ ತೋಟದಲ್ಲೇ ಸುಮಾರು 110 ಅಡಿ ಅಗಲದ ಒಂದೇ ಕಮಾನನ್ನು ಕಟ್ಟಿ ತೋರಿಸಿದ. ಕೆಳಗೆ ನೀರಿಲ್ಲ, ಮೇಲೆ ದಾರಿಯಿಲ್ಲ, ಬರೀ ಕಮಾನು. ನಮ್ಮ ಕಚೇರಿಯ ಭಾಷೆಯಲ್ಲಿ ಇದಕ್ಕೆ ಪಿ.ಒ.ಸಿ. ಎನ್ನುತ್ತೇವೆ, ಗಿರಾಕಿಗೆ ನಂಬಿಕೆ ಬರಿಸಲು ಮಾಡುವ ಮಾದರಿ. ಅಷ್ಟು ಚಪ್ಪಟೆ ಕಮಾನು ಪಕ್ಕಕ್ಕೆ ಒದೆಯುವ ಬಲ ಅಪಾರ, ಎರಡೂ ಬದಿಯ ಆಧಾರ ಒಂದಿಷ್ಟು ಸರಿದರೂ ಇಡೀ ಕೆಲಸ ನೆಲಕ್ಕೆ. ಅದು ಬೀಳಲಿಲ್ಲ. ಸೇತುವೆಯೂ ಮಂಜೂರಾಗಲಿಲ್ಲ! ಮರುವರ್ಷ, 1809ರಲ್ಲಿ, ಇಲ್ಲಿನ ಇಂಗ್ಲಿಷ್ ಅಧಿಕಾರಿಗಳೇ ಕಂಪನಿ ಸರ್ಕಾರದ ವಿರುದ್ಧ ದಂಗೆ ಎದ್ದಾಗ ಇವನೂ ಸೇರಿ ಕೆಲಸ ಕಳೆದುಕೊಂಡ. ಆಮೇಲೆ ಮತ್ತೆ ತೆಗೆದುಕೊಂಡರು. ಮೈಸೂರಿನ ಸರ್ಕಾರಿ ಭವನದ ಕಂಬವಿಲ್ಲದ ಭೋಜನಶಾಲೆಯೂ ಮದ್ರಾಸಿನ ಸೇಂಟ್ ಆಂಡ್ರೂಸ್ ಚರ್ಚೂ ಇವನ ಕೆಲಸ.

ಇತ್ತ ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಾದ ವೆಲ್ಲೆಸ್ಲಿ ಸೇತುವೆಗೆ ಕಮಾನೇ ಇಲ್ಲ. ದೇವಸ್ಥಾನದ ಮಂಟಪದ ಹಾಗೆ ಕಲ್ಲುಕಂಬ, ಮೇಲೆ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ಇನ್ನೂರು ವರ್ಷದ ಪ್ರವಾಹ ಕಂಡ ಅದು ಇನ್ನೂ ನಿಂತಿದೆ. ಡಿ ಹ್ಯಾವಿಲೆಂಡನ ಕಮಾನು ಯಾರಿಗೂ ಬೇಡವಾಗಿ 129 ವರ್ಷ ನಿಂತು 1937ರಲ್ಲಿ ಬಿತ್ತು.

ಇಷ್ಟೆಲ್ಲ ಬರೆಯುವ ನಾನು ನಮ್ಮ ಮನೆಯ ಮಾತನ್ನೂ ಹೇಳದಿದ್ದರೆ ತಪ್ಪಾದೀತು. ನಾಗಮಂಗಲ ತಾಲ್ಲೂಕಿನಲ್ಲಿ ಅಜ್ಜಿಯ ತೊಟ್ಟಿಮನೆ ಇತ್ತು. ಬಂಗಲೆ ಹೊರಗೆ ನೋಡುವ ಮನೆಯಾದರೆ ತೊಟ್ಟಿಮನೆ ಒಳಗೆ ನೋಡುವ ಮನೆ. ಮಳೆ, ಬಿಸಿಲು, ಬೆಳದಿಂಗಳು ಎಲ್ಲ ನಡುವಿನ ತೊಟ್ಟಿಗೇ ಇಳಿಯಬೇಕು. ಹಲಸಿನ ಕಂಬ, ಹೂ ಕೆತ್ತಿದ ಬೋದಿಗೆ, ನಾಡಹೆಂಚು. ಎಂಟು ವರ್ಷದ ಹಿಂದೆ ಅದನ್ನು ಕೆಡವಿ ಆರ್.ಸಿ.ಸಿ. ಮನೆ ಕಟ್ಟಿದೆವು. ದುಡ್ಡು ಕೊಟ್ಟವನು ನಾನೇ. ಸೋರುತ್ತಿತ್ತು, ಇಲಿ ಕಾಟವಿತ್ತು, ಅಮ್ಮನಿಗೆ ಮಂಡಿನೋವು, ಒಳಗೇ ಬಚ್ಚಲು ಬೇಕಿತ್ತು. ಅಮ್ಮ ಈಗ ಸುಖವಾಗಿದ್ದಾರೆ, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಕಂಬಗಳನ್ನು ಹಳೇ ಮರದ ವ್ಯಾಪಾರಿ ಲಾರಿಗೆ ಹೇರಿಕೊಂಡು ಹೋದ ದಿನ ನನ್ನ ಬಳಿ ಆ ಮನೆಯ ಒಂದು ನಕ್ಷೆಯೂ ಇರಲಿಲ್ಲ. ತೊಟ್ಟಿ ಎಷ್ಟು ಅಡಿ ಇತ್ತು ಎಂದು ಮಗಳು ಕೇಳಿದರೆ ಕೈ ಅಗಲಿಸಿ ತೋರಿಸುತ್ತೇನೆ, ಅಷ್ಟೆ.

ಸುವರ್ಣ ಮಹೋತ್ಸವದ ನೆನಪಿಗೆ ಹೊಸ ಕಟ್ಟಡ ಬರಲಿದೆ, ಅದಕ್ಕಾಗಿ ನಮ್ಮ ಶಾಲೆಯ ಮೊದಲ ಸಾಲಿನ ಹೆಂಚಿನ ಮೂರು ಕೊಠಡಿಗಳನ್ನು ತೆಗೆಯಬೇಕೆಂದು ಸಭೆಯಲ್ಲಿ ತೀರ್ಮಾನವಾಗಿದೆ. ಮಕ್ಕಳಿಗೆ ಕೊಠಡಿ ಸಾಲದು, ನಾನು ವಿರೋಧ ಮಾಡಲಿಲ್ಲ. ಹೋದ ತಿಂಗಳು ಒಂದು ಭಾನುವಾರ ನಮ್ಮ ಬ್ಯಾಚಿನ ಇಬ್ಬರನ್ನು ಕರೆದುಕೊಂಡು ಟೇಪು ಹಿಡಿದು ಆ ಮೂರೂ ಕೊಠಡಿಗಳನ್ನು ಅಳೆದೆವು. ಎಂಟನೇ ತರಗತಿ ಕೊಠಡಿ 24 ಅಡಿ ಉದ್ದ, 19 ಅಡಿ 6 ಅಂಗುಲ ಅಗಲ. ಗೋಡೆಯ ದಪ್ಪ ಒಂದೂವರೆ ಅಡಿ, ಕಲ್ಲು ಮತ್ತು ಗಾರೆ. ಮಾಡಿಗೆ ಮತ್ತಿಮರದ ತೊಲೆ, ಮಂಗಳೂರು ಹೆಂಚು. ಬಾಗಿಲ ಹಿಂದಿನ ಗೋಡೆಯಲ್ಲಿ ಮೊಳೆಯಿಂದ ಗೀಚಿದ ಎತ್ತರದ ಗುರುತುಗಳಿವೆ, ಹದಿಮೂರು ಗೆರೆ, ಎಲ್ಲದರ ಪಕ್ಕದಲ್ಲೂ ಹೆಸರಿನ ಮೊದಲಕ್ಷರ. ನಾಲ್ಕು ಅಡಿ ಏಳು ಅಂಗುಲದ ಗೆರೆ ನನ್ನದು. ನಕ್ಷೆಯನ್ನೂ ಆ ಗೋಡೆಯ ಫೋಟೋವನ್ನೂ ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಇಟ್ಟು ಬಂದಿದ್ದೇವೆ. ಉಳಿದ ಹನ್ನೆರಡು ಗೆರೆಗಳವರು ಬಂದು ತಮ್ಮದನ್ನು ಗುರುತಿಸಿ ಹೆಸರು ಬರೆಯಬಹುದು.